ಸಿಸ್ಲಿಯ ಎಡಗಡೆ ರೆಕ್ಕೆ

ರೋಮಾಪುರಿಗೆ ನಾನು ಏಳು ಸಲ ಹೋಗಿ ಬಂದಿದ್ದೇನೆ. ಬಸ್ಸಲ್ಲಿ ಅಲ್ಲ, ರೈಲಲ್ಲಿ ಅಲ್ಲ. ಚರ್ಚಿನ ಗಂಟೆಯ ಮೇಲೆ ಕೂತು, ಕಾಲು ಇಳಿಬಿಟ್ಟುಕೊಂಡು, ಸಮುದ್ರದ ಮೇಲೆ ಹಾರಿಕೊಂಡು.

ಸುಳ್ಳು. ನಾನು ಸಂತೆಪೇಟೆ ದಾಟಿದವನಲ್ಲ. ಏಣಿ ಹತ್ತಿದರೆ ತಲೆ ತಿರುಗುತ್ತೆ. ಆದರೆ ಸಿಸ್ಲಿಯ ಕತೆ ಸುಳ್ಳಲ್ಲ. ಇದ್ದರೂ ವಸಿ ಸುಳ್ಳು. ಹತ್ತಿರ ಬನ್ನಿ. ಹೆದರಿಕೆ ಆದವರು ಪಕ್ಕದವರ ಕೈ ಹಿಡ್ಕೊಳ್ಳಿ. ಪಕ್ಕದವರಿಗೂ ಹೆದರಿಕೆ ಆದರೆ ನನ್ನನ್ನು ಕೇಳಬೇಡಿ.

ಒಂದು ಊರು. ಜಪಮಾಲೆಪಾಳ್ಯ. ಆ ಊರಲ್ಲಿ ಸಿಸ್ಲಿಯ ಅಜ್ಜಿ. ಈಸ್ಟರ್ ಹಬ್ಬಕ್ಕೆ ಸಿಸ್ಲಿ ಅಮ್ಮನ ಜೊತೆ ಬಸ್ಸು ಹತ್ತಿ ಅಜ್ಜಿಯ ಊರಿಗೆ ಬಂದಳು.

ಆ ಊರಲ್ಲಿ ಈಸ್ಟರಿಗೆ ಮುಂಚಿನ ಗುರುವಾರ ಚರ್ಚಿನ ಗಂಟೆ ಬಾಯಿ ಮುಚ್ಚುತ್ತೆ. ಶುಕ್ರವಾರ ಮಾತಿಲ್ಲ. ಶನಿವಾರ ಸಂಜೆವರೆಗೂ ಮಾತಿಲ್ಲ. ಯೇಸುಸ್ವಾಮಿ ಸಮಾಧಿಯಲ್ಲಿ ಇರುವಾಗ ಗಂಟೆ ಹೇಗೆ ಬಾರಿಸೋದು? ಅದಕ್ಕೇ ಮರದ ಹಲಗೆ ಬಡಿಯುತ್ತಾರೆ. ಕಟ ಕಟ. ಕಟ ಕಟ.

ಗಂಟೆ ಎಲ್ಲಿ ಹೋಯ್ತು ಅಂತ ಮಕ್ಕಳು ಕೇಳುತ್ತಾರೆ.

"ರೋಮಾಪುರಿಗೆ ಹೋಗಿದೆ," ಅಂತ ದೊಡ್ಡವರು ಹೇಳುತ್ತಾರೆ. "ಬರುವಾಗ ಬಣ್ಣದ ಮೊಟ್ಟೆ ತರುತ್ತೆ."

ಆ ದಿನಗಳಲ್ಲಿ ಸ್ವಾಮಿಯ ತಾಯಿ ಮರಿಯಮ್ಮನ ಪ್ರತಿಮೆಗೂ ನೇರಳೆ ಮುಸುಕು ಹಾಕುತ್ತಾರೆ. ಶನಿವಾರ ಸಂಜೆ ಗಂಟೆ ಬಾರಿಸುತ್ತೆ. ಬಾರಿಸಿದ ಕೂಡಲೇ ದೇವದೂತನ ವೇಷ ಹಾಕಿದ ಒಂದು ಮಗು ಓಡಬೇಕು. ಓಡಿ ಮುಸುಕು ಎಳೆಯಬೇಕು. ಆಗಲೇ ಹಬ್ಬ.

ಈ ವರ್ಷ ಆ ಮಗು ಸಿಸ್ಲಿ.

ಅಜ್ಜಿ ಬಿದಿರು ಕಡ್ಡಿ ಬಗ್ಗಿಸಿದಳು. ಬಿಳಿ ಬಟ್ಟೆ ಹೊಲಿದಳು. ಬಿಳಿ ಕೋಳಿಗರಿ ಅಂಟಿಸಿದಳು. ಎರಡು ರೆಕ್ಕೆ ಆದವು. ಬಲಗಡೆದು ಒಂದು, ಎಡಗಡೆದು ಒಂದು. ಶನಿವಾರ ಮಧ್ಯಾಹ್ನ ಎರಡನ್ನೂ ಗೋಡೆ ಮೇಲೆ ಒಣಗಲು ಇಟ್ಟಳು. ಸಿಸ್ಲಿಯ ತಲೆಗೆ ಹರಳೆಣ್ಣೆ ಸುರಿದಳು. ಹಬ್ಬದ ಸ್ನಾನಕ್ಕೆ ಎಣ್ಣೆ ಹಚ್ಚಬೇಕಲ್ಲ. ಹಣೆ ಮೇಲೆ ಎಣ್ಣೆ, ಕಿವಿ ಹಿಂದೆ ಎಣ್ಣೆ, ಜಡೆ ತುದಿಯಲ್ಲಿ ಎಣ್ಣೆ. ಟಪ್ ಟಪ್.

"ಚರ್ಚಿಗೆ ಹೂ ಕೊಟ್ಟು ಬರ್ತೀನಿ. ಬಂದು ನೀರು ಹುಯ್ತೀನಿ. ಅಲ್ಲಿವರೆಗೂ ರೆಕ್ಕೆ ಕಾಯ್ತಾ ಕೂತಿರು," ಅಂದಳು ಅಜ್ಜಿ.

"ರೆಕ್ಕೆ ಕಳೆದುಹೋದ್ರೆ?"

"ರೆಕ್ಕೆ ಇಲ್ಲದೆ ದೇವದೂತ ಇಲ್ಲ. ದೇವದೂತ ಇಲ್ಲದೆ ಮುಸುಕು ತೆಗೆಯೋರಿಲ್ಲ. ಮರಿಯಮ್ಮ ವರ್ಷವೆಲ್ಲ ಕತ್ತಲಲ್ಲಿ."

ಅಜ್ಜಿ ತಮಾಷೆಗೆ ಅಂದಳು. ಸಿಸ್ಲಿಗೆ ಅದು ತಮಾಷೆ ಅಂತ ಗೊತ್ತಾಗಲಿಲ್ಲ.

ಬಾಗಿಲು ದಾಟುವಾಗ ಅಜ್ಜಿ ತನ್ನಷ್ಟಕ್ಕೆ ತಾನೇ ಗೊಣಗಿದಳು. "ಗಂಟೆ ಹೊಡೆಯೋ ರಾಯಪ್ಪ ನಿನ್ನೆಯಿಂದ ಪತ್ತೆ ಇಲ್ಲ. ಮಕ್ಕಳು ಎಳೀತಾರೆ ಅಂತ ಗಂಟೆ ಹಗ್ಗ ಬಿಚ್ಚಿ ಇಟ್ಕೊಂಡವ್ನೆ. ಹಗ್ಗವೂ ಇಲ್ಲ, ಅವನೂ ಇಲ್ಲ. ಗಂಟೆ ಹೆಂಗೆ ಬಾರಿಸುತ್ತೋ ಕಾಣೆ."

ಅಜ್ಜಿ ಹೋದಳು. ಸಿಸ್ಲಿ ಕೂತಳು. ಅವಳ ಬಲಗಾಲಲ್ಲಿ ಚಪ್ಪಲಿ ಇತ್ತು. ಎಡಗಾಲಲ್ಲಿ ಇರಲಿಲ್ಲ. ಎಡಗಾಲಿನ ಚಪ್ಪಲಿ ನಿನ್ನೆ ಹೋಯಿತು. ಎಲ್ಲಿ ಹೋಯಿತು ಅಂತ ಸಿಸ್ಲಿ ಯಾರಿಗೂ ಹೇಳಲಿಲ್ಲ. ನಾನೂ ಈಗ ಹೇಳುವುದಿಲ್ಲ.

ಎಣ್ಣೆ ಕಣ್ಣಿಗೆ ಇಳಿಯಿತು. ಕಣ್ಣು ಉರಿಯಿತು. ಸಿಸ್ಲಿ ಕಣ್ಣು ಉಜ್ಜಿದಳು. ಉಜ್ಜಿ, ಕಣ್ಣು ಬಿಟ್ಟು ನೋಡಿದರೆ, ಗೋಡೆ ಮೇಲೆ ಒಂದೇ ರೆಕ್ಕೆ.

ಹುಣಸೆಮರದ ಮೇಲೆ ಒಂದು ಕೋತಿ. ಕೋತಿಯ ಕಂಕುಳಲ್ಲಿ ಎಡಗಡೆ ರೆಕ್ಕೆ.

"ಕೋತಿ ಕೋತಿ, ನನ್ನ ರೆಕ್ಕೆ ಕೊಡು."

"ಆಟ ಮುಗೀತು, ಕೊಡ್ತಿದ್ದೆ," ಅಂತು ಕೋತಿ. "ಕೊಡೋಕೆ ಇಳೀಬೇಕು. ಇಳಿಯೋಕೆ ಭಯ. ಕೆಳಗೆ ನಾಯಿ ನೋಡು."

"ಅಲ್ಲಿಂದಲೇ ಎಸಿ."

"ಎಸೆದರೆ ನಾಯಿ ಹರಿದುಹಾಕುತ್ತೆ. ಅದು ಸರಿದರೆ ಇಳಿದು ಕೊಡ್ತೀನಿ."

ಸೂರ್ಯ ಒಂದು ಮೆಟ್ಟಿಲು ಇಳಿದ. ಚರ್ಚಿನ ಕಡೆ ಹಲಗೆ ಕಟ ಕಟ ಅಂತು. ಸಿಸ್ಲಿಯ ಎದೆ ಡವ ಡವ ಅಂತು. ಜಡೆಯ ಎಣ್ಣೆ ಟಪ್ ಟಪ್ ಅಂತು. ಒಂಟಿ ಚಪ್ಪಲಿ ಪಟ್ ಪಟ್ ಅಂತು. ಸಿಸ್ಲಿ ನಾಯಿ ಹತ್ತಿರ ಹೋದಳು.

ಕರಿನಾಯಿ. ಕಿವಿ ಹರಿದ ನಾಯಿ. ಸಿಸ್ಲಿಗೆ ನಾಯಿ ಕಂಡರೆ ಭಯ. ದೂರದಲ್ಲೇ ನಿಂತಳು.

"ನಾಯಿ ನಾಯಿ, ಸ್ವಲ್ಪ ಸರಿ. ನೀನು ಸರಿಯದೆ ಕೋತಿ ಇಳಿಯದು. ಕೋತಿ ಇಳಿಯದೆ ರೆಕ್ಕೆ ಇಲ್ಲ. ರೆಕ್ಕೆ ಇಲ್ಲದೆ ಮುಸುಕು ತೆಗೆಯೋರಿಲ್ಲ."

ನಾಯಿ ಬಾಲ ಕಾಲ ಸಂದಿಗೆ ಹಾಕಿತು.

"ನಾನು ಮನೆಗೆ ಹೋಗಬೇಕು ಮಗು. ಹೋಗೋಕೆ ಭಯ. ಬೇಲಿ ಸಂದಿಯಲ್ಲಿ ಬಾತು ನಿಂತಿದೆ. ಬುಸ್ ಅಂತ ಕತ್ತು ಚಾಚುತ್ತೆ. ಮೂಗು ಕಚ್ಚುತ್ತೆ. ಅದು ಜರುಗಿದರೆ ನಾನು ಸರೀತೀನಿ."

ಸೂರ್ಯ ಇನ್ನೊಂದು ಮೆಟ್ಟಿಲು ಇಳಿದ. ಹಲಗೆ ಕಟ ಕಟ ಅಂತು. ಎದೆ ಡವ ಡವ ಅಂತು. ಎಣ್ಣೆ ಟಪ್ ಟಪ್ ಅಂತು. ಚಪ್ಪಲಿ ಪಟ್ ಪಟ್ ಅಂತು. ಸಿಸ್ಲಿ ಬಾತಿನ ಹತ್ತಿರ ಹೋದಳು.

ದೊಡ್ಡ ಬಾತು. ಸಿಸ್ಲಿಯ ಎದೆ ಮಟ್ಟದ ಬಾತು. ಸಿಸ್ಲಿಗೆ ಬಾತು ಕಂಡರೆ ಭಯ. ಮೂಗು ಮುಚ್ಚಿಕೊಂಡು ನಿಂತಳು.

"ಬಾತು ಬಾತು, ಸ್ವಲ್ಪ ಜರುಗು. ನೀನು ಜರುಗದೆ ನಾಯಿ ಸರಿಯದು. ನಾಯಿ ಸರಿಯದೆ ಕೋತಿ ಇಳಿಯದು. ಕೋತಿ ಇಳಿಯದೆ ರೆಕ್ಕೆ ಇಲ್ಲ. ರೆಕ್ಕೆ ಇಲ್ಲದೆ ಮುಸುಕು ತೆಗೆಯೋರಿಲ್ಲ."

"ಯಾಕೆ ಮೂಗಲ್ಲಿ ಮಾತಾಡ್ತೀಯ?" ಅಂತು ಬಾತು. "ನಾನೂ ಕೆರೆಗೆ ಹೋಗಬೇಕು. ಬೆಳಗಿಂದ ಕಾಲು ಒಣಗಿದೆ. ಹೋಗೋಕೆ ಭಯ. ಓಣಿಗೆ ಅಡ್ಡ ಹೋರಿ ನಿಂತಿದೆ. ಅದರ ಗೊರಸು ನನ್ನ ತಲೆಗಿಂತ ದೊಡ್ಡದು. ಅದು ಕದಲಿದರೆ ನಾನು ಜರುಗ್ತೀನಿ."

ಸೂರ್ಯ ಇನ್ನೊಂದು ಮೆಟ್ಟಿಲು ಇಳಿದ. ಹಲಗೆ ಕಟ ಕಟ ಅಂತು. ಎದೆ ಡವ ಡವ ಅಂತು. ಎಣ್ಣೆ ಟಪ್ ಟಪ್ ಅಂತು. ಚಪ್ಪಲಿ ಪಟ್ ಪಟ್ ಅಂತು. ಸಿಸ್ಲಿ ಹೋರಿ ಹತ್ತಿರ ಹೋದಳು.

ಓಣಿ ತುಂಬ ಹೋರಿ. ಆ ಗೋಡೆಗೆ ಕೊಂಬು, ಈ ಗೋಡೆಗೆ ಬಾಲ. ಸಿಸ್ಲಿಗೆ ಹೋರಿ ಕಂಡರೆ ಭಯ. ನಾಲಿಗೆ ಒಣಗಿತು.

"ಹೋರಿ ಹೋರಿ, ಸ್ವಲ್ಪ ಕದಲು. ನೀನು ಕದಲದೆ ಬಾತು ಜರುಗದು. ಬಾತು ಜರುಗದೆ ನಾಯಿ ಸರಿಯದು. ನಾಯಿ ಸರಿಯದೆ ಕೋತಿ ಇಳಿಯದು. ಕೋತಿ ಇಳಿಯದೆ ರೆಕ್ಕೆ ಇಲ್ಲ. ರೆಕ್ಕೆ ಇಲ್ಲದೆ ಮುಸುಕು ತೆಗೆಯೋರಿಲ್ಲ."

ಹೋರಿ ಉಸಿರು ಬಿಟ್ಟಿತು. ಧೂಳು ಎದ್ದಿತು.

"ನಾನೂ ಕೊಟ್ಟಿಗೆಗೆ ಹೋಗಬೇಕು ಕಂದ. ಹೋಗೋಕೆ ಭಯ. ಕೊಟ್ಟಿಗೆ ಬಾಗಿಲಲ್ಲಿ ತೆರೇಸಮ್ಮ ನಿಂತವಳೆ. ಕೈಯಲ್ಲಿ ಕಡ್ಡಿಪೊರಕೆ. ಅವಳು ಹೊಡೆದರೆ ಚುರ್ ಅಂತ ಉರಿಯುತ್ತೆ. ಅವಳು ಒಳಗೆ ಹೋದರೆ ನಾನು ಕದಲ್ತೀನಿ."

"ಇಷ್ಟು ದೊಡ್ಡವನಾಗಿ ಪೊರಕೆಗೆ ಹೆದರ್ತೀಯಾ?"

"ನೀನು ಏಟು ತಿಂದು ನೋಡು, ಗೊತ್ತಾಗುತ್ತೆ."

ಸೂರ್ಯ ಇನ್ನೊಂದು ಮೆಟ್ಟಿಲು ಇಳಿದ. ಓಣಿಯ ನೆರಳು ಉದ್ದವಾಯಿತು. ಹಲಗೆ ಕಟ ಕಟ ಅಂತು. ಎದೆ ಡವ ಡವ ಅಂತು. ಎಣ್ಣೆ ಟಪ್ ಟಪ್ ಅಂತು. ಚಪ್ಪಲಿ ಪಟ್ ಪಟ್ ಅಂತು. ಸಿಸ್ಲಿ ಹೋರಿಯ ಹೊಟ್ಟೆ ಕೆಳಗೆ ನುಸುಳಿ ತೆರೇಸಮ್ಮನ ಹತ್ತಿರ ಹೋದಳು.

ತೆರೇಸಮ್ಮ ಒಂಟಿ ಮನೆಯವಳು. ಊರಿನ ಮಕ್ಕಳೆಲ್ಲ ಅವಳನ್ನು ಅತ್ತೆ ಅಂತಾರೆ, ದೂರದಿಂದ. ಸಿಸ್ಲಿಗೆ ತೆರೇಸತ್ತೆ ಕಂಡರೆ ಭಯ. ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

"ಅತ್ತೆ ಅತ್ತೆ, ಸ್ವಲ್ಪ ಒಳಗೆ ಹೋಗಿ. ನೀವು ಒಳಗೆ ಹೋಗದೆ ಹೋರಿ ಕದಲದು. ಹೋರಿ ಕದಲದೆ ಬಾತು ಜರುಗದು. ಬಾತು ಜರುಗದೆ ನಾಯಿ ಸರಿಯದು. ನಾಯಿ ಸರಿಯದೆ ಕೋತಿ ಇಳಿಯದು. ಕೋತಿ ಇಳಿಯದೆ ರೆಕ್ಕೆ ಇಲ್ಲ. ರೆಕ್ಕೆ ಇಲ್ಲದೆ ಮುಸುಕು ತೆಗೆಯೋರಿಲ್ಲ."

ಅತ್ತೆ ಬೈಯಲಿಲ್ಲ. ಸಿಸ್ಲಿ ಒಂದು ಕಣ್ಣು ಬಿಟ್ಟು ನೋಡಿದಳು. ಅತ್ತೆ ಪೊರಕೆಯನ್ನು ಹಿತ್ತಿಲ ಕಡೆ ಚಾಚಿ ಹಿಡಿದು ನಿಂತಿದ್ದಳು.

"ಮೆಲ್ಲಗೆ ಮಾತಾಡು ಮಗ. ಹಿತ್ತಿಲ ಪಂಪ್‌ಸೆಟ್ ಮನೆಯಲ್ಲಿ ಭೂತ ಸೇರ್ಕೊಂಡಿದೆ. ಇಷ್ಟುದ್ದ ಗಡ್ಡ. ಕೆಂಪು ನಿಲುವಂಗಿ. ರಾತ್ರಿಯೆಲ್ಲ ಕೆಮ್ಮಿತು. ನಾನು ಬೆನ್ನು ತಿರುಗಿಸಿದೆ ಅನ್ನು, ಹಿಂದಿನಿಂದ ಬಂದು ಹಿಡ್ಕೊಳ್ಳುತ್ತೆ. ಅದು ಹೋಗೋವರೆಗೂ ನಾನು ಒಳಗೆ ಹೋಗಲ್ಲ."

"ಹಾಗಾದ್ರೆ ಭೂತಕ್ಕೆ ಹೇಳಬೇಕು."

"ಹೋಗಬೇಡ ಕಣೆ. ಹೋದರೆ ನಾನು ನಿನ್ನ ನೋಡೇ ಇಲ್ಲ ಅಂತೀನಿ, ಆಮೇಲೆ ನಿಮ್ಮಜ್ಜಿ ನನ್ನನ್ನ ಕೇಳಬಾರದು."

ಸಿಸ್ಲಿ ನಿಂತಳು. ಹಿಂದೆ ನೋಡಿದಳು. ಹಿಂದೆ ಹೋರಿ, ಬಾತು, ನಾಯಿ, ಕೋತಿ. ಮುಂದೆ ಭೂತ. ಮುಸುಕಿನ ಒಳಗೆ ಮರಿಯಮ್ಮ ನೆನಪಾದಳು. ಕತ್ತಲಲ್ಲಿ, ಒಬ್ಬಳೇ, ವರ್ಷವೆಲ್ಲ.

ಸೂರ್ಯನಿಗೆ ಇನ್ನೊಂದೇ ಮೆಟ್ಟಿಲು ಉಳಿಯಿತು. ಹಲಗೆ ಕಟ ಕಟ ಅಂತು. ಎದೆ ಡವ ಡವ ಡವ ಡವ ಅಂತು. ಎಣ್ಣೆ ಟಪ್ ಟಪ್ ಅಂತು. ಚಪ್ಪಲಿ ಪಟ್... ಪಟ್... ಅಂತು. ಸಿಸ್ಲಿ ಪಂಪ್‌ಸೆಟ್ ಮನೆ ಬಾಗಿಲಿಗೆ ಹೋದಳು.

ಬಾಗಿಲು ಅರ್ಧ ತೆಗೆದಿತ್ತು. ಒಳಗೆ ಕತ್ತಲು.

ಗೊಕ್ ಗೊಕ್.

ಭೂತ ಕೆಮ್ಮಿತು.

ಸಿಸ್ಲಿಯ ಕಾಲು ಓಡು ಅಂತು. ಬಾಯಿ ಮಾತ್ರ ಓಡಲಿಲ್ಲ. ಅದು ಅಭ್ಯಾಸ ಬಲದಿಂದ ಶುರು ಮಾಡಿಬಿಟ್ಟಿತು.

"ಭೂತ ಭೂತ, ಸ್ವಲ್ಪ ಹೊರಟುಹೋಗಿ. ನೀವು ಹೋಗದೆ ಅತ್ತೆ ಒಳಗೆ ಹೋಗರು. ಅತ್ತೆ ಒಳಗೆ ಹೋಗದೆ ಹೋರಿ ಕದಲದು. ಹೋರಿ ಕದಲದೆ ಬಾತು ಜರುಗದು. ಬಾತು ಜರುಗದೆ ನಾಯಿ ಸರಿಯದು. ನಾಯಿ ಸರಿಯದೆ ಕೋತಿ ಇಳಿಯದು. ಕೋತಿ ಇಳಿಯದೆ ರೆಕ್ಕೆ ಇಲ್ಲ. ರೆಕ್ಕೆ ಇಲ್ಲದೆ ಮುಸುಕು ತೆಗೆಯೋರಿಲ್ಲ."

ಕತ್ತಲಲ್ಲಿ ಏನೋ ಸರಿಯಿತು. ಗಡ್ಡ ಕಂಡಿತು. ನಿಲುವಂಗಿ ಕಂಡಿತು. ಭೂತ ಮೂಲೆಗೆ ಒತ್ತಿಕೊಂಡು ಕೂತಿತ್ತು. ಮೊಣಕಾಲು ಗಲ್ಲಕ್ಕೆ ತಾಗಿತ್ತು.

"ನಾನೂ ಮನೆಗೆ ಹೋಗಬೇಕು," ಅಂತು ಭೂತ. "ಹೋಗೋಕೆ ಭಯ."

"ಯಾರನ್ನ ಕಂಡರೆ?"

ಭೂತದ ಕಣ್ಣು ಸಿಸ್ಲಿಯ ಬಲಗಾಲಿನ ಮೇಲಿತ್ತು.

"ನಿನ್ನ ಕಂಡರೆ. ನಿನ್ನ ಹತ್ತಿರ ಇನ್ನೂ ಒಂದು ಚಪ್ಪಲಿ ಇದೆಯಲ್ಲ."

ಭೂತ ಮಡಿಲಿಂದ ಒಂದು ಪುಟ್ಟ ಚಪ್ಪಲಿ ಎತ್ತಿ ತೋರಿಸಿತು. ಎಡಗಾಲಿನದು. ಸಿಸ್ಲಿಯದು.

ಈಗ ಹೇಳುತ್ತೇನೆ ಕೇಳಿ. ಶುಭ ಶುಕ್ರವಾರ ಆ ಊರಲ್ಲಿ ಯೇಸುಸ್ವಾಮಿಯ ನಾಟಕ ಆಡುತ್ತಾರೆ. ಅದರಲ್ಲಿ ಒಬ್ಬ ಯೂದಾಸ. ಸ್ವಾಮಿಗೆ ಮುತ್ತು ಕೊಟ್ಟು, ಸ್ವಾಮಿಯನ್ನು ಹಿಡಿದುಕೊಟ್ಟವನು. ಅವನು ಬಂದ ಕೂಡಲೇ ಮಕ್ಕಳು ಕೂಗುತ್ತಾರೆ. ನಿನ್ನೆ ಸಿಸ್ಲಿ ಬರೀ ಕೂಗಲಿಲ್ಲ. ಎಡಗಾಲಿನ ಚಪ್ಪಲಿ ತೆಗೆದು ಬೀಸಿ ಎಸೆದಳು. ಅದು ಯೂದಾಸನ ಮೂಗಿಗೆ ಬಿತ್ತು.

ಸಿಸ್ಲಿ ನೋಡಿದಳು. ಗಡ್ಡದ ಮೇಲೆ ಮೂಗು. ಮೂಗು ಊದಿತ್ತು. ನಿಲುವಂಗಿಯ ಸೊಂಟಕ್ಕೆ ಹಗ್ಗ. ಹಗ್ಗದ ತುದಿಗೆ ಹಸಿರು ಬಟ್ಟೆಯ ಗಂಟು.

ಆ ಗಂಟು ಅವಳಿಗೆ ಗೊತ್ತು. ಊರಿಗೆ ಬಂದಾಗಲೆಲ್ಲ ರಾಯಪ್ಪ ಮಾವ ಅವಳನ್ನು ಎತ್ತಿ ಹಿಡಿಯುತ್ತಾನೆ. ಅವಳು ಆ ಗಂಟು ಹಿಡಿದು ಜೋತುಬೀಳುತ್ತಾಳೆ. ಮೇಲೆ ಗಂಟೆ ಢಣ್ ಅನ್ನುತ್ತೆ.

"ರಾಯಪ್ಪ ಮಾವ?"

"ಹೂಂ."

"ಯೂದಾಸ ಅಂದ್ರೆ ನೀನಾ?"

"ಯಾರೂ ಒಪ್ಪಲಿಲ್ಲ ಕಣವ್ವ. ಯಾರಾದರೂ ಆಗಬೇಕಲ್ಲ. ಹೋದ ವರ್ಷ ದಾರದ ಗಡ್ಡ ಕಳಚಿಬಿತ್ತು. ಊರೇ ನಕ್ಕಿತು. ಈ ವರ್ಷ ಹಲಸಿನ ಮೇಣ ಹಾಕಿ ಅಂಟಿಸಿಕೊಂಡೆ. ಈಗ ಬಿಡ್ತಾನೇ ಇಲ್ಲ. ಎಳೆದರೆ ಚರ್ಮವೇ ಬರುತ್ತೆ. ಗಡ್ಡ ಇಟ್ಕೊಂಡು ಬೀದಿಗೆ ಹೋದೆ. ಮಕ್ಕಳೆಲ್ಲ ಯೂದಾಸ ಯೂದಾಸ ಅಂತ ಮಣ್ಣು ಎರಚಿದರು. ಓಡಿ ಬಂದು ಇಲ್ಲಿ ಕೂತೆ."

ಸಿಸ್ಲಿ ಬಗ್ಗಿದಳು. ಬಲಗಾಲಿನ ಚಪ್ಪಲಿ ತೆಗೆದಳು.

ರಾಯಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಸಿಸ್ಲಿ ಚಪ್ಪಲಿಯನ್ನು ನೆಲದ ಮೇಲೆ ಇಟ್ಟಳು. ಅವನ ಕಡೆ ತಳ್ಳಿದಳು.

"ಇದನ್ನೂ ನೀನೇ ಇಟ್ಕೋ. ಇನ್ನು ನನ್ನ ಹತ್ತಿರ ಯಾವುದೂ ಇಲ್ಲ."

ರಾಯಪ್ಪ ಬೆರಳ ಸಂದಿಯಿಂದ ನೋಡಿದ.

ಅಜ್ಜಿ ಹಲಸಿನಹಣ್ಣು ಬಿಡಿಸುವುದು ಸಿಸ್ಲಿ ನೋಡಿದ್ದಳು. ಅಜ್ಜಿ ಮೊದಲು ಕೈಗೆ ಎಣ್ಣೆ ಹಚ್ಚುತ್ತಾಳೆ. ಎಣ್ಣೆ ಇದ್ದರೆ ಮೇಣ ಹಿಡಿಯಲ್ಲ. ಹಿಡಿದರೂ ಬಿಡುತ್ತೆ. ಇಲ್ಲಿ ಎಣ್ಣೆ ಎಲ್ಲಿ?

ಟಪ್ ಟಪ್.

ಸಿಸ್ಲಿ ಜಡೆ ಹಿಡಿದಳು. ಹಿಂಡಿದಳು. ಅಂಗೈ ತುಂಬ ಹರಳೆಣ್ಣೆ. ರಾಯಪ್ಪನ ಗಡ್ಡಕ್ಕೆ ಸವರಿದಳು. ಆ ಕೆನ್ನೆಗೆ ಸವರಿದಳು, ಈ ಕೆನ್ನೆಗೆ ಸವರಿದಳು. ಸಾಲದೆ ಹೋಯಿತು. ತಲೆಯನ್ನೇ ಅವನ ಗಲ್ಲಕ್ಕೆ ಇಟ್ಟು ಗಸಗಸ ಉಜ್ಜಿದಳು.

ಗಡ್ಡ ಆ ಕಡೆ ಸಡಿಲವಾಯಿತು. ಈ ಕಡೆ ಸಡಿಲವಾಯಿತು. ಪಚಕ್ ಅಂತ ಕಳಚಿ ಬಿತ್ತು.

ಅಷ್ಟೇ. ಭೂತ ಇಲ್ಲ, ಯೂದಾಸ ಇಲ್ಲ. ಕೆಂಪು ಗಲ್ಲದ ರಾಯಪ್ಪ ಮಾವ ಕೂತಿದ್ದ. ಸಿಸ್ಲಿಯ ಎರಡೂ ಚಪ್ಪಲಿ ಎತ್ತಿಕೊಂಡ. ಅವಳ ಎಡಗಾಲಿಗೆ ಒಂದು ಹಾಕಿದ. ಬಲಗಾಲಿಗೆ ಒಂದು ಹಾಕಿದ.

"ನಡಿ, ಹೊತ್ತಾಯ್ತು," ಅಂದ.

ರಾಯಪ್ಪ ಹೊರಗೆ ಬಂದ.

ರಾಯಪ್ಪ ಹೊರಗೆ ಬಂದ, ತೆರೇಸತ್ತೆ ನೋಡಿದಳು. "ಥೂ ನಿನ್ನ, ನೀನೇನೋ? ರಾತ್ರಿಯೆಲ್ಲ ಕೆಮ್ಮಿದೆಯಲ್ಲ, ಒಂದು ಲೋಟ ಬಿಸಿನೀರು ಕೇಳಬಾರದಿತ್ತಾ?" ಅಂದಳು. ಪೊರಕೆ ಕೆಳಗಿಟ್ಟು ಒಳಗೆ ಹೋದಳು.

ಅತ್ತೆ ಒಳಗೆ ಹೋದಳು, ಹೋರಿ ಕದಲಿತು.

ಹೋರಿ ಕದಲಿತು, ಬಾತು ಜರುಗಿತು.

ಬಾತು ಜರುಗಿತು, ನಾಯಿ ಸರಿಯಿತು.

ನಾಯಿ ಸರಿಯಿತು, ಕೋತಿ ಇಳಿಯಿತು.

ಕೋತಿ ಇಳಿಯಿತು, ಎಡಗಡೆ ರೆಕ್ಕೆ ಕೊಟ್ಟಿತು. ಎರಡು ಗರಿ ಕಿತ್ತುಹೋಗಿದ್ದವು. "ಅವು ಮೊದಲೇ ಹಾಗಿದ್ದವು," ಅಂತು ಕೋತಿ. ನನಗಿಂತ ದೊಡ್ಡ ಸುಳ್ಳುಗಾರ.

ಸೂರ್ಯ ಕೊನೆ ಮೆಟ್ಟಿಲು ಇಳಿದ. ಹಲಗೆ ಕಟ ಅಂದು ನಿಂತಿತು. ಸಿಸ್ಲಿಗೆ ಸ್ನಾನಕ್ಕೆ ಹೊತ್ತಿರಲಿಲ್ಲ. ಎಣ್ಣೆ ತಲೆಯಲ್ಲೇ ಬಿಳಿ ಅಂಗಿ ಹಾಕಿಕೊಂಡಳು. ಚರ್ಚಿನಿಂದ ಬಂದಿದ್ದ ಅಜ್ಜಿ ಬೈಯುತ್ತಲೇ ರೆಕ್ಕೆ ಕಟ್ಟಿದಳು, ಬಲಗಡೆದು ಒಂದು, ಎಡಗಡೆದು ಒಂದು. ಎಲ್ಲರೂ ಚರ್ಚಿಗೆ ಓಡಿದರು.

ಚರ್ಚಿನಲ್ಲಿ ಕತ್ತಲು. ನೇರಳೆ ಮುಸುಕು. ಯಾರೂ ಉಸಿರಾಡಲಿಲ್ಲ. ರಾಯಪ್ಪ ಸೊಂಟದ ಹಗ್ಗ ಬಿಚ್ಚಿದ. ಏಣಿ ಹತ್ತಿದ. ಗಂಟೆಗೆ ಕಟ್ಟಿದ. ಇಳಿದು, ಎಳೆದ.

ಢಣ್.

ಗಂಟೆ ರೋಮಾಪುರಿಯಿಂದ ಬಂತು. ಢಣ್ ಢಣ್ ಢಣ್. ಮೇಣದಬತ್ತಿಗಳು ಹತ್ತಿಕೊಂಡವು. ಸಿಸ್ಲಿ ಓಡಿದಳು. ಎರಡು ರೆಕ್ಕೆ ಪಟಪಟ, ಎರಡು ಚಪ್ಪಲಿ ಪಟಪಟ. ಮುಸುಕು ಹಿಡಿದು ಎಳೆದಳು. ಮರಿಯಮ್ಮನ ಮುಖಕ್ಕೆ ಬೆಳಕು ಬಿತ್ತು.

ಸಿಸ್ಲಿಯ ಎದೆ ಈಗ ಡವ ಡವ ಅನ್ನಲಿಲ್ಲ. ಅಂದಿದ್ದರೂ ಗಂಟೆಯ ಸದ್ದಿನಲ್ಲಿ ಕೇಳುತ್ತಿರಲಿಲ್ಲ.

ಬೆಳಿಗ್ಗೆ ಎಲ್ಲ ಮಕ್ಕಳಿಗೂ ಗಂಟೆ ತಂದ ಮೊಟ್ಟೆ ಸಿಕ್ಕಿತು. ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿದ ಕೆಂಪು ಮೊಟ್ಟೆ. ರೋಮಾಪುರಿಯಲ್ಲೂ ಈರುಳ್ಳಿ ಬೆಳೆಯುತ್ತಾರೆ, ನಾನೇ ನೋಡಿದ್ದೇನೆ. ಸಿಸ್ಲಿ ತನ್ನ ಮೊಟ್ಟೆ ತಗೊಂಡು ಹೋಗಿ ರಾಯಪ್ಪ ಮಾವನ ಊದಿದ ಮೂಗಿನ ಮುಂದೆ ಹಿಡಿದಳು. ಇಬ್ಬರೂ ಅರ್ಧರ್ಧ ತಿಂದರು.

ಮುಂದಿನ ವರ್ಷ ನಾಟಕಕ್ಕೆ ಮತ್ತೆ ಯೂದಾಸ ಬೇಕಾಯಿತು. ಯಾರೂ ಒಪ್ಪಲಿಲ್ಲ. ಮತ್ತೆ ರಾಯಪ್ಪನೇ ಆದ. ಮತ್ತೆ ಹಲಸಿನ ಮೇಣ, ಮತ್ತೆ ಅದೇ ಗಡ್ಡ. ಮಕ್ಕಳೆಲ್ಲ ಕೂಗಿದರು. ಮುಂದಿನ ಸಾಲಿನಲ್ಲಿ ಸಿಸ್ಲಿ ಕೂತಿದ್ದಳು. ಅವಳು ಕೂಗಲಿಲ್ಲ. ಎರಡೂ ಕಾಲಲ್ಲಿ ಚಪ್ಪಲಿ ಇತ್ತು. ಮಡಿಲಲ್ಲಿ ಹರಳೆಣ್ಣೆ ಶೀಸೆ ಇತ್ತು.

ಕತೆ ಗಂಟೆ ಹಗ್ಗ ಹಿಡಿದು ಇಳಿದುಹೋಯಿತು. ನನ್ನ ಲೋಟದ ಟೀಯೂ ಇಳಿದುಹೋಯಿತು. ನನಗೆ ಈ ಟೀ ಅಂಗಡಿಯವನನ್ನು ಕಂಡರೆ ಭಯ. ಅವನು ಸರಿಯದೆ ನಾನು ಏಳಲಾರೆ. ಓಡಿಹೋಗಿ ನಿಮ್ಮಪ್ಪನಿಗೆ ಹೇಳಿ, ನನ್ನ ಟೀ ದುಡ್ಡು ಕೊಡಲಿ.